ಹತ್ತು ಮಂದಿ ಸೇರಿ ಬರೆಯೋ ಬ್ಲಾಗ್ ಮಾಡ್ತೀರಾ? ಹೋಸ್ಟಿಂಗ್‌ಗೆ ದುಡ್ಡು ಕಟ್ಟೋ ಮೊದಲು ಇದನ್ನ ಓದಿ

ಹಾವೇರಿ: ಕಾಲೇಜಿನ ಗೆಳೆಯರ ಬಳಗ, ನಿವೃತ್ತ ಮಾಸ್ತರ್ರು, ಹಳ್ಳಿ ಲೈಬ್ರರಿ ನಡೆಸೋ ಹುಡುಗರು. ತಿಂಗಳಿಗೆ ಒಬ್ಬರಾದ್ರೂ ಫೋನ್ ಮಾಡಿ ಕೇಳೋ ಪ್ರಶ್ನೆ ಒಂದೇ. 'ನಾವೊಂದಿಷ್ಟು ಮಂದಿ ಸೇರಿ ಬ್ಲಾಗ್ ಮಾಡೋರಿದ್ದೀವಿ. ಎಲ್ಲರೂ ಅವರವರ ಹೆಸರಲ್ಲೇ ಬರೀಬೇಕು. ಯಾವ ಹೋಸ್ಟಿಂಗ್ ತಗೋಬೇಕ್ರಿ?' ನಾನು ಬಿ.ಕಾಂ. ಅರ್ಧಕ್ಕೆ ಬಿಟ್ಟವನು, ಕಂಪ್ಯೂಟರ್ ಸೈನ್ಸ್ ಓದಿದವನಲ್ಲ. ಆದರೆ ಇಂಥ ಎರಡು ಸೈಟ್ ಕೈಯಾರೆ ನಡೆಸಿದ್ದೀನಿ, ಅದರಲ್ಲಿ ಒಂದನ್ನ ಕಳ್ಕೊಂಡಿದ್ದೀನಿ. ಒಬ್ಬೊಬ್ಬರಿಗೆ ಫೋನಲ್ಲಿ ಹೇಳೋದಕ್ಕಿಂತ ಒಂದೇ ಸಲ ಬರೆದುಬಿಡೋಣ ಅಂತ ಇದು.

ಒಬ್ಬರೇ ಬರೆಯೋ ಬ್ಲಾಗ್‌ಗೆ ಯಾವ ಹೋಸ್ಟಿಂಗ್ ಆದರೂ ನಡೀತದೆ. ಬರೆಯೋರು ಹೆಚ್ಚಾದ ಕೂಡ್ಲೇ ಲೆಕ್ಕ ಬದಲಾಗ್ತದೆ.

ಒಂದೇ ಮನೆಯೋ, ವಠಾರವೋ?

ಮೊದಲು ತೀರ್ಮಾನ ಆಗಬೇಕಾದ್ದು ಇದು. ಒಂದೇ ಸೈಟ್, ಅದರೊಳಗೆ ಹತ್ತು ಲೇಖಕರು. ಇದು ಒಂದೇ ಮನೆಯಲ್ಲಿ ಹತ್ತು ಮಂದಿ ಇದ್ದ ಹಾಗೆ. ಅಥವಾ ಒಬ್ಬೊಬ್ಬರಿಗೂ ಪ್ರತ್ಯೇಕ ಬ್ಲಾಗ್, ಪ್ರತ್ಯೇಕ ವಿಳಾಸ, ಆದರೆ ಎಲ್ಲಾ ಒಂದೇ ಕಡೆ. ಇದು ವಠಾರ ಇದ್ದ ಹಾಗೆ. ವರ್ಡ್‌ಪ್ರೆಸ್‌ನಲ್ಲಿ ಎರಡನೇದಕ್ಕೆ ಮಲ್ಟಿಸೈಟ್ ಅಂತಾರೆ. ಮೊದಲು ಅದು 'ಎಂಯು' ಅನ್ನೋ ಬೇರೆ ಸಾಫ್ಟ್‌ವೇರ್ ಆಗಿತ್ತು, 2010ರಲ್ಲಿ 3.0 ಆವೃತ್ತಿಯಿಂದ ವರ್ಡ್‌ಪ್ರೆಸ್ ಒಳಗೇ ಸೇರಿಕೊಂಡಿದೆ.

ನೂರಕ್ಕೆ ತೊಂಬತ್ತು ಮಂದಿಗೆ ಬೇಕಾಗಿರೋದು ಒಂದೇ ಮನೆ. ಆದರೆ ಕೇಳೋದು ಮಾತ್ರ ವಠಾರ, ಯಾಕಂದ್ರೆ 'ನನ್ನ ಹೆಸರಿನ ಬ್ಲಾಗ್' ಅಂದ್ರೆ ಖುಷಿ. ಅದರ ಭಾರ ಎಷ್ಟು ಅಂತ ಗೊತ್ತಿರಲ್ಲ. ಮಲ್ಟಿಸೈಟ್‌ನಲ್ಲಿ ಒಂದೊಂದು ಹೊಸ ಬ್ಲಾಗ್‌ಗೂ ಡೇಟಾಬೇಸ್‌ನಲ್ಲಿ ಹತ್ತು ಟೇಬಲ್ ಹೊಸದಾಗಿ ಹುಟ್ಟಿಕೊಳ್ತವೆ. ನೂರು ಬ್ಲಾಗ್ ಅಂದ್ರೆ ಸಾವಿರ ಟೇಬಲ್. ಪ್ಲಗಿನ್ ಹಾಕೋ ಅಧಿಕಾರ ಒಬ್ಬ ಸೂಪರ್ ಅಡ್ಮಿನ್‌ಗೆ ಮಾತ್ರ, ಉಳಿದವರು ಅವನಿಗೆ ಫೋನ್ ಮಾಡ್ತಾನೇ ಇರಬೇಕು. ಮುಂದೆ ಯಾರೋ ಒಬ್ಬರು 'ನನ್ನ ಬ್ಲಾಗ್ ನನಗೆ ಕೊಟ್ಟುಬಿಡಿ, ಬೇರೆ ಕಡೆ ಹೋಗ್ತೀನಿ' ಅಂದ್ರೆ ಅದನ್ನ ಬಿಡಿಸಿ ಕೊಡೋದು ತಲೆನೋವಿನ ಕೆಲಸ.

ವಠಾರವೇ ಬೇಕು ಅಂದ್ರೆ ಹೋಸ್ಟಿಂಗ್ ಕಂಪನಿಗೆ ಎರಡು ಪ್ರಶ್ನೆ ಕೇಳಿ. ವೈಲ್ಡ್‌ಕಾರ್ಡ್ ಸಬ್‌ಡೊಮೇನ್ ಬಿಡ್ತಾರಾ? ವೈಲ್ಡ್‌ಕಾರ್ಡ್ ಎಸ್‌ಎಸ್‌ಎಲ್ ತಾನಾಗೇ ರಿನ್ಯೂ ಆಗ್ತದಾ? ಲೆಟ್ಸ್ ಎನ್‌ಕ್ರಿಪ್ಟ್ 2018ರಿಂದ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ ಪುಕ್ಕಟೆ ಕೊಡ್ತಿದೆ, ಆದರೆ ಅದಕ್ಕೆ ಡಿಎನ್‌ಎಸ್ ಮೂಲಕವೇ ಪರಿಶೀಲನೆ ಆಗಬೇಕು. ಅಗ್ಗದ ಪ್ಲಾನ್‌ಗಳಲ್ಲಿ ಎಷ್ಟೋ ಸಲ ಇದು ಕೈಯಿಂದಲೇ ಮಾಡಬೇಕಾಗ್ತದೆ. ಮರೆತ್ರೆ ಎಲ್ಲರ ಬ್ಲಾಗ್ ಮೇಲೂ ಒಂದೇ ದಿನ 'ಇದು ಸುರಕ್ಷಿತ ಅಲ್ಲ' ಅನ್ನೋ ಎಚ್ಚರಿಕೆ.

ಇನ್ನೊಂದು ಮಾತು. ಬರೀ ಬರೆಯೋದಷ್ಟೇ ಇದ್ರೆ, ದುಡ್ಡಿಲ್ಲದೇ ಇದ್ರೆ, ಗೂಗಲ್‌ನ ಬ್ಲಾಗರ್ ಈಗಲೂ ಇದೆ. ಒಂದು ಬ್ಲಾಗ್‌ಗೆ 100 ಮಂದಿವರೆಗೆ ಸೇರಿಸಬಹುದು, ಸ್ವಂತ ಡೊಮೇನ್ ಜೋಡಿಸಬಹುದು. ನೋಡೋಕೆ ಹಳೇ ಕಾಲದ್ದು ಅನಿಸ್ತದೆ, ಆದರೆ ಎಷ್ಟು ಮಂದಿ ಒಟ್ಟಿಗೆ ಬಂದ್ರೂ ಬೀಳಲ್ಲ. ನಾಚಿಕೆ ಪಡೋ ವಿಷಯ ಅಲ್ಲ ಅದು.

'ಅನ್‌ಲಿಮಿಟೆಡ್' ಅನ್ನೋದನ್ನ ನಂಬಬೇಡಿ

ಜಾಹೀರಾತಲ್ಲಿ ದೊಡ್ಡದಾಗಿ ಬರೆದಿರ್ತಾರೆ: ಅನ್‌ಲಿಮಿಟೆಡ್ ಜಾಗ, ಅನ್‌ಲಿಮಿಟೆಡ್ ಬ್ಯಾಂಡ್‌ವಿಡ್ತ್. ಅಳತೆ ಇರೋದು ಬೇರೆ ಕಡೆ. ಒಂದು, ಇನೋಡ್ ಅಂದ್ರೆ ಒಟ್ಟು ಫೈಲ್‌ಗಳ ಸಂಖ್ಯೆ. ವರ್ಡ್‌ಪ್ರೆಸ್‌ಗೆ ಮೊಬೈಲ್‌ನ ಒಂದು ದೊಡ್ಡ ಫೋಟೋ ಹಾಕಿದ್ರೆ ಅದು ಸಣ್ಣದು, ಮಧ್ಯಮದ್ದು, ದೊಡ್ಡದು ಅಂತ ತಾನೇ ಕತ್ತರಿಸಿ ಮೂಲ ಸೇರಿ ಎಂಟು ಫೈಲ್ ಮಾಡ್ತದೆ. ಥೀಮ್ ತನ್ನದೊಂದಿಷ್ಟು ಅಳತೆ ಸೇರಿಸಿದ್ರೆ ಇನ್ನೂ ಜಾಸ್ತಿ. ಐದು ಮಂದಿ ದಿನಕ್ಕೆ ಮೂರ್ಮೂರು ಫೋಟೋ ಹಾಕಿದ್ರೆ ವರ್ಷಕ್ಕೆ 5,475 ಫೋಟೋ, ಅಂದ್ರೆ 43,800 ಫೈಲ್. ಮೂರು ವರ್ಷಕ್ಕೆ 1.31 ಲಕ್ಷ. ಜಾಗ 'ಅನ್‌ಲಿಮಿಟೆಡ್' ಇದ್ದರೂ ಇನೋಡ್ ಮಿತಿ ಮುಟ್ಟಿದ ದಿನ ಹೊಸ ಫೋಟೋ ಏರಲ್ಲ. ಪ್ಲಾನ್‌ನ ಷರತ್ತುಗಳಲ್ಲಿ ಈ ಸಂಖ್ಯೆ ಹುಡುಕಿ, ಸಿಗದಿದ್ರೆ ಚಾಟ್‌ನಲ್ಲಿ ಕೇಳಿ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ.

ಎರಡನೇ ಅಳತೆ ಎಂಟ್ರಿ ಪ್ರೋಸೆಸ್. ಕೆಲವರು ಪಿಎಚ್‌ಪಿ ವರ್ಕರ್ ಅಂತ ಹೇಳ್ತಾರೆ, ಪಕ್ಕಾ ಒಂದೇ ಅಲ್ಲ, ಆದರೆ ನಮಗೆ ಬೇಕಾದ ಅರ್ಥ ಒಂದೇ: ಒಂದು ಕ್ಷಣಕ್ಕೆ ಎಷ್ಟು ಮಂದಿಗೆ ಸರ್ವರ್ ಹೊಸದಾಗಿ ಪುಟ ತಯಾರಿಸಿ ಕೊಡಬಲ್ಲದು. ಹೋಟೆಲ್‌ನಲ್ಲಿ ಎಷ್ಟು ಹೆಂಚು ಇದಾವೆ ಅಂದ ಹಾಗೆ. ಶೇರ್ಡ್ ಪ್ಲಾನ್‌ಗಳಲ್ಲಿ ಸಾಮಾನ್ಯವಾಗಿ 20 ಇರ್ತದೆ. ಒಂದು ಪುಟ ಸಿದ್ಧ ಆಗೋಕೆ ಎರಡು ಸೆಕೆಂಡ್ ಬೇಕಾದ್ರೆ, ಸೆಕೆಂಡಿಗೆ ಹತ್ತೇ ಮಂದಿ. ಹನ್ನೊಂದನೆಯವರು ಕಾಯಬೇಕು, ಇಲ್ಲಾ ವಾಪಸ್ ಹೋಗಬೇಕು.

ಇದು ನನಗೆ ಪುಸ್ತಕದಿಂದ ಗೊತ್ತಾಗಿದ್ದಲ್ಲ. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ದರ ಕುಸಿದು, ರೈತರು ಸಿಟ್ಟಿಗೆದ್ದು, ಎಪಿಎಂಸಿ ಆಫೀಸ್ ಎದುರು ವಾಹನಗಳಿಗೆ ಬೆಂಕಿ ಬಿತ್ತಲ್ಲ, ಆ ದಿನ. ನಮ್ಮ ಬಳಗದ ಬ್ಲಾಗ್‌ನ ಒಬ್ಬ ಹುಡುಗ ಮಾರ್ಕೆಟ್ ಒಳಗೇ ಇದ್ದ. ಕಣ್ಣಾರೆ ಕಂಡಿದ್ದನ್ನ ಮೊಬೈಲಲ್ಲೇ ಬರೆದು ಹಾಕಿದ. ಲಿಂಕ್ ವಾಟ್ಸ್ಆಪ್ ಗ್ರೂಪ್‌ಗಳಲ್ಲಿ ಓಡಿತು. ಹತ್ತು ನಿಮಿಷ ಆಗಿರಲಿಲ್ಲ, ತೆರೆದವರಿಗೆಲ್ಲ '508, ರಿಸೋರ್ಸ್ ಲಿಮಿಟ್' ಅಂತ ಬಿಳಿ ಪುಟ. ಊರಲ್ಲಿ ಮಗ ಮಾರ್ಕೆಟ್‌ಗೆ ಹೋಗಿದಾನೆ, ಏನಾಯ್ತೋ ಅಂತ ನೋಡೋಕೆ ಬಂದವರಿಗೆ ಅದು ಕಂಡಿದ್ದು. ಸಪೋರ್ಟ್‌ಗೆ ಬರೆದ್ರೆ 'ದೊಡ್ಡ ಪ್ಲಾನ್ ತಗೊಳ್ಳಿ' ಅನ್ನೋ ಸಿದ್ಧ ಉತ್ತರ.

ಆಮೇಲೆ ಕೂತು ನೋಡಿದಾಗ ತಪ್ಪು ಅರ್ಧ ನಮ್ಮದೇ ಇತ್ತು. ಓದುಗರಿಗೆ ಮೊದಲೇ ಮಾಡಿಟ್ಟ ಪುಟ ಕೊಡೋ ಕ್ಯಾಶ್ ಪ್ಲಗಿನ್ ಹಾಕಿರಲಿಲ್ಲ. ಅದಿದ್ದಿದ್ರೆ ಅದೇ ಅಗ್ಗದ ಪ್ಲಾನ್ ತಡ್ಕೋತಿತ್ತೇನೋ. ಬಹುಬಳಕೆದಾರರ ಸೈಟಿನ ಒಳಗುಟ್ಟು ಇಲ್ಲೇ ಇರೋದು. ಕ್ಯಾಶ್ ಪುಟ ಸಿಗೋದು ಲಾಗಿನ್ ಆಗದ ಓದುಗರಿಗೆ ಮಾತ್ರ. ಲಾಗಿನ್ ಆದ ಲೇಖಕರಿಗೆ ಪ್ರತಿ ಸಲ ಹೊಸದಾಗೇ ಬೇಯಿಸಬೇಕು. ಸಾಲದ್ದಕ್ಕೆ ಬರೆಯೋ ಪುಟ ತೆರೆದಿಟ್ಟು ಚಹಾಕ್ಕೆ ಹೋದ್ರೂ ವರ್ಡ್‌ಪ್ರೆಸ್ ಕೆಲವು ಸೆಕೆಂಡಿಗೊಮ್ಮೆ ಸರ್ವರ್ ಕದ ತಟ್ತಾನೇ ಇರ್ತದೆ, ಅದಕ್ಕೆ ಹಾರ್ಟ್‌ಬೀಟ್ ಅಂತ ಹೆಸರು. ಆ ದಿನ ನಾವು ಆರು ಮಂದಿ ಒಟ್ಟಿಗೆ ಲಾಗಿನ್ ಆಗಿ ರಿಫ್ರೆಶ್ ಒತ್ತುತಾ ಕೂತಿದ್ವಿ. ನಮ್ಮ ಸೈಟನ್ನ ನಾವೂ ಒದ್ದು ಬೀಳಿಸಿದ ಹಾಗೆ ಆಯ್ತು.

ಹಾಗಾಗಿ ಪ್ಲಾನ್ ಆರಿಸೋವಾಗ 'ತಿಂಗಳಿಗೆ ಎಷ್ಟು ವಿಸಿಟರ್' ಅನ್ನೋದಕ್ಕಿಂತ 'ಏಕಕಾಲಕ್ಕೆ ಎಷ್ಟು ಮಂದಿ ಲಾಗಿನ್ ಆಗಿ ಬರೀತಾರೆ' ಅನ್ನೋದನ್ನ ಎಣಿಸಿ. ಎಂಟು-ಹತ್ತು ಮಂದಿ ಇದ್ದು, ಒಟ್ಟಿಗೆ ಬರೆಯೋರು ಇಬ್ಬರು ಮೂವರು ಅಂದ್ರೆ ಒಳ್ಳೇ ಶೇರ್ಡ್ ಪ್ಲಾನ್ ಸಾಕು. ಪಿಎಚ್‌ಪಿ ಮೆಮೊರಿ 256 ಎಂಬಿ ಇರಲಿ, ಪುಟದ ಕ್ಯಾಶ್ ಇರಲಿ, ರೆಡಿಸ್ ಸೌಲಭ್ಯ ಇದ್ರೆ ಇನ್ನೂ ಚಲೋ. ಇಪ್ಪತ್ತು ಮೂವತ್ತು ಮಂದಿ ದಿನಾ ಬರೆಯೋ ಸೈಟ್ ಆದ್ರೆ ವಿಪಿಎಸ್ ಕಡೆ ನೋಡಿ.

ವಿಪಿಎಸ್ ಅಂದ್ರೆ ಸ್ವಂತ ಮನೆ. ಎರಡು ಜಿಬಿ ರ್‍ಯಾಮ್‌ನದ್ದು ನಮ್ಮಂಥವರಿಗೆ ಧಾರಾಳ. ಆದರೆ ಸೋರಿದ್ರೆ ಹೆಂಚು ನೀವೇ ಹೊದಿಸಬೇಕು. ಸಾಫ್ಟ್‌ವೇರ್ ಅಪ್‌ಡೇಟ್, ಫೈರ್‌ವಾಲ್, ಮಧ್ಯರಾತ್ರಿ ಡೇಟಾಬೇಸ್ ನಿಂತ್ರೆ ಎಬ್ಬಿಸೋದು, ಎಲ್ಲಾ ನಿಮ್ಮ ತಲೆಗೆ. ಬಳಗದಲ್ಲಿ ಲಿನಕ್ಸ್ ಗೊತ್ತಿರೋರು ಒಬ್ಬರಲ್ಲ, ಇಬ್ಬರಿರಬೇಕು. ಇಲ್ಲದಿದ್ರೆ ಮ್ಯಾನೇಜ್ಡ್ ಅನ್ನೋ ಪ್ಲಾನ್ ತಗೊಂಡು ಸ್ವಲ್ಪ ಜಾಸ್ತಿ ಕೊಡಿ. ಸಿಪ್ಯಾನಲ್ ಬೇಕು ಅಂದ್ರೆ ಅದರ ಲೈಸೆನ್ಸ್‌ಗೆ ಬೇರೆ ದುಡ್ಡು, 2019ರಿಂದ ಖಾತೆಗಳ ಸಂಖ್ಯೆ ಮೇಲೆ ದರ ಹಾಕ್ತಾರೆ. ಘೋಸ್ಟ್ ಅನ್ನೋ ಬ್ಲಾಗ್ ಸಾಫ್ಟ್‌ವೇರ್ ನೋಡಿ ಮನಸೋತವರು ಗಮನಿಸಿ, ಅದು ನೋಡ್ ಜೆಎಸ್ ಮೇಲೆ ಓಡೋದು, ಮಾಮೂಲಿ ಶೇರ್ಡ್ ಪ್ಲಾನ್‌ಗೆ ಹೊಂದಲ್ಲ.

ಸರ್ವರ್ ಎಲ್ಲಿದೆ ಅನ್ನೋದೂ ನೋಡಿ. ಓದುಗರು ರಾಣೆಬೆನ್ನೂರು, ಹಿರೇಕೆರೂರಲ್ಲಿ ಇದ್ದು ಸರ್ವರ್ ಅಮೆರಿಕದಲ್ಲಿದ್ರೆ ಪ್ರತಿ ಹೋಗಿಬರೋದಕ್ಕೂ ಸಮಯ ಹಾಳು. ಡಿಜಿಟಲ್ ಓಷನ್‌ಗೆ ಬೆಂಗಳೂರಲ್ಲೇ ಡೇಟಾ ಸೆಂಟರ್ ಇದೆ, ಅಮೆಜಾನ್‌ಗೆ ಮುಂಬೈ, ಹೈದರಾಬಾದ್‌ನಲ್ಲಿ. ಶೇರ್ಡ್ ಕಂಪನಿಗಳಲ್ಲೂ ಖರೀದಿ ಮಾಡೋವಾಗ ಭಾರತ ಅಂತ ಆರಿಸೋ ಅವಕಾಶ ಇರ್ತದೆ, ಅವಸರದಲ್ಲಿ ಬಿಟ್ಟುಬಿಡ್ತಾರೆ.

ಕನ್ನಡದ್ದೇ ಫಜೀತಿ

ಇಂಗ್ಲಿಷ್ ಲೇಖನಗಳಲ್ಲಿ ಇದನ್ನ ಯಾರೂ ಬರೆಯಲ್ಲ. ವರ್ಡ್‌ಪ್ರೆಸ್ ಪೋಸ್ಟಿನ ಲಿಂಕ್‌ಗೆ 200 ಅಕ್ಷರದ ಮಿತಿ ಇದೆ. ಕನ್ನಡದ ಒಂದೊಂದು ಚಿಹ್ನೆ ಲಿಂಕ್ ಒಳಗೆ ಶೇಕಡಾ ಗುರುತು ಸೇರಿ 9 ಅಕ್ಷರ ತಿಂತದೆ. ಕಾಗುಣಿತ, ಒತ್ತು ಎಲ್ಲಾ ಬೇರೆ ಬೇರೆ ಚಿಹ್ನೆ ಅಂತ ಲೆಕ್ಕ. ಅಂದ್ರೆ 22 ಚಿಹ್ನೆಗೆ ಲಿಂಕ್ ಖಲಾಸ್, ತಲೆಬರಹ ಅರ್ಧಕ್ಕೆ ಕತ್ತರಿಸ್ತದೆ. ಉದ್ದನೆ ತಲೆಬರಹದ ಕೊನೆಗೆ 'ಭಾಗ 1', 'ಭಾಗ 2' ಅಂತ ಬರೆದ್ರೆ ಎರಡಕ್ಕೂ ಒಂದೇ ಥರದ ಉದ್ದನೆ ಲಿಂಕ್, ಕೊನೆಗೆ ವರ್ಡ್‌ಪ್ರೆಸ್ ಹಚ್ಚಿದ ಒಂದು ಅಂಕಿ. ವಾಟ್ಸ್ಆಪ್‌ನಲ್ಲಿ ನೋಡಿದವರು ವೈರಸ್ ಅಂತ ಒತ್ತೋದೇ ಇಲ್ಲ. ಮೊದಲ ದಿನವೇ ಲಿಂಕ್‌ಗೆ ಇಂಗ್ಲಿಷ್ ಅಕ್ಷರ ಅಥವಾ ಪೋಸ್ಟಿನ ನಂಬರ್ ಅಂತ ನಿಯಮ ಮಾಡಿ.

ಡೇಟಾಬೇಸ್ ಯುಟಿಎಫ್8ಎಂಬಿ4 ಇರಲಿ. ಹೊಸ ವರ್ಡ್‌ಪ್ರೆಸ್‌ನಲ್ಲಿ ಅದು ತಾನಾಗೇ ಇರ್ತದೆ, ಆದರೆ ಹಳೇ ಹೋಸ್ಟಿಂಗ್‌ನಿಂದ ಹೊಸದಕ್ಕೆ ಹೋಗೋವಾಗ ಗಡಿಬಿಡಿಯಲ್ಲಿ ತಪ್ಪಿದ್ರೆ ಕನ್ನಡ ಎಲ್ಲಾ ಪ್ರಶ್ನಾರ್ಥಕ ಚಿಹ್ನೆ ಆಗಿಬಿಡ್ತದೆ. ಹಳೇ ಪ್ಲಾನ್ ಮುಗಿಯೋಕೆ ಹದಿನೈದು ದಿನ ಇರುವಾಗಲೇ ಸಾಗಿಸಿ, ನಾಲ್ಕು ಹಳೇ ಪೋಸ್ಟ್ ತೆರೆದು ಓದಿ ನೋಡಿ. ಹಿರಿಯ ಲೇಖಕರು ನುಡಿ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿ ಕಳಿಸ್ತಾರೆ, ಅದನ್ನ ಯುನಿಕೋಡ್‌ಗೆ ಬದಲಾಯಿಸದೇ ಹಾಕಿದ್ರೆ ಯಾವ ಹೋಸ್ಟಿಂಗ್ ಇದ್ರೂ ಓದೋಕೆ ಬರಲ್ಲ. ಅದು ಹೋಸ್ಟಿಂಗ್ ತಪ್ಪಲ್ಲ, ಬೈಗುಳ ಮಾತ್ರ ಅದಕ್ಕೇ.

ಕೀಲಿ ಯಾರ ಕೈಯಲ್ಲಿದೆ?

ನನ್ನ ಮೊದಲ ಸೈಟ್ ಹೋಗಿದ್ದು ಇದರಿಂದ. 2020ರ ಲಾಕ್‌ಡೌನ್‌ನಲ್ಲಿ ಶುರು ಮಾಡಿದ್ವಿ. ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿದ್ರೆ ಅಗ್ಗ ಅಂತ ಕಟ್ಟಿದ್ವಿ. ಡೊಮೇನ್, ಹೋಸ್ಟಿಂಗ್ ಎರಡೂ ಒಬ್ಬ ಗೆಳೆಯನ ಖಾಸಗಿ ಇಮೇಲ್‌ನಲ್ಲಿ, ಅವನ ನಂಬರ್‌ಗೆ ಓಟಿಪಿ. ಅವನು ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋದ, ನಂಬರ್ ಬದಲಾಯ್ತು, ಆ ಇಮೇಲ್ ನೋಡೋದೂ ಬಿಟ್ಟ. ರಿನ್ಯೂವಲ್ ದರ ಮೊದಲು ಕಟ್ಟಿದ್ದರ ಹತ್ತಿರ ಮೂರು ಪಟ್ಟು, ಮೇಲೆ 18% ಜಿಎಸ್‌ಟಿ ಅಂತ ನಮಗೆ ಗೊತ್ತಾಗೋ ಹೊತ್ತಿಗೆ ಗಡುವು ಮುಗಿದು ಖಾತೆಯೇ ಅಳಿಸಿ ಹೋಗಿತ್ತು.

ಅದರಲ್ಲಿ ಹಾನಗಲ್ ಕಡೆಯ ಒಬ್ಬ ನಿವೃತ್ತ ಮಾಸ್ತರ್ರು ಬರೆದ 64 ಲೇಖನ ಇದ್ವು. ಹಳ್ಳಿ ಹಳ್ಳಿ ತಿರುಗಿ ವೀರಗಲ್ಲು, ಮಾಸ್ತಿಕಲ್ಲು ನೋಡಿ ಬರೆದಿದ್ದು. ನಾನೇ ಅವರಿಗೆ ಮೊಬೈಲಲ್ಲಿ ಟೈಪ್ ಮಾಡೋದು ಕಲಿಸಿದ್ದೆ, 'ಸರ್, ನೇರ ಸೈಟ್ ಒಳಗೇ ಬರೀರಿ, ಕಾಪಿ ಇಡೋ ಗೋಜಿಲ್ಲ' ಅಂದಿದ್ದೆ. ವೇಬ್ಯಾಕ್ ಮಷಿನ್‌ನಲ್ಲಿ ಹುಡುಕಿ 19 ಸಿಕ್ಕವು, ಫೋಟೋ ಒಂದೂ ಇಲ್ಲ. ಮನೆಗೆ ಹೋಗಿ ಹೇಳಿದೆ. ಅವರು ಬೈಲಿಲ್ಲ. 'ಇರ್ಲಿ ಬಿಡೋ ತಮ್ಮಾ, ಮತ್ತ ಬರೀತೀನಿ' ಅಂದ್ರು. ಇನ್ನೂ ಬರೆದಿಲ್ಲ.

ಅದಕ್ಕೇ ಡೊಮೇನ್ ಬಳಗದ ಇಮೇಲ್‌ನಲ್ಲಿರಲಿ. ಪಾಸ್‌ವರ್ಡ್ ಕನಿಷ್ಠ ಇಬ್ಬರ ಬಳಿ ಇರಲಿ. ಡೊಮೇನ್ ಒಂದು ಕಡೆ, ಹೋಸ್ಟಿಂಗ್ ಇನ್ನೊಂದು ಕಡೆ ತಗೊಂಡ್ರೆ ಜಗಳ ಆದಾಗ ಬಿಟ್ಟು ಹೋಗೋದು ಸುಲಭ. ಮೊದಲ ವರ್ಷದ ದರ ನೋಡಬೇಡಿ, ಎರಡನೇ ಸಲದ ದರ ನೋಡಿ.

ಬ್ಯಾಕಪ್ 'ನಾವೇ ತಗೋತೀವಿ' ಅಂತ ಕಂಪನಿ ಹೇಳ್ತದೆ. ಹೇಳಲಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿದ್ದು ಒಂದು ಕಟ್ಟಡ ಪೂರ್ತಿ ಸುಟ್ಟಿತು. ಬ್ಯಾಕಪ್ ಕೂಡ ಅಲ್ಲೇ ಇಟ್ಟವರಿಗೆ ಏನೂ ಉಳಿಯಲಿಲ್ಲ. ವಾರಕ್ಕೊಮ್ಮೆ ನಕಲು ಬೇರೆ ಕಡೆ ಹೋಗಲಿ, ಗೂಗಲ್ ಡ್ರೈವ್ ಆದ್ರೂ ನಡೀತದೆ. ಆರು ತಿಂಗಳಿಗೊಮ್ಮೆ ಅದನ್ನ ಬಿಚ್ಚಿ ಸೈಟ್ ಮತ್ತೆ ಎದ್ದು ನಿಲ್ತದಾ ನೋಡಿ.

ಲೇಖಕರಿಗೆ ಅಧಿಕಾರ ಕೊಡೋವಾಗ ಪ್ರೀತಿಗೆ ಎಲ್ಲರನ್ನೂ ಅಡ್ಮಿನ್ ಮಾಡಬೇಡಿ. ಆಥರ್ ಸಾಕು. ಕಾಂಟ್ರಿಬ್ಯೂಟರ್ ಆದ್ರೆ ಬರೆದಿದ್ದು ಸಂಪಾದಕರು ಒಪ್ಪಿದ ಮೇಲೇ ಪ್ರಕಟ, ಆದರೆ ಅವರಿಗೆ ಫೋಟೋ ಏರಿಸೋಕೆ ಬರಲ್ಲ, ವಾಟ್ಸ್ಆಪ್‌ಗೆ ಕಳಿಸ್ತಾರೆ. ಯಾರಾದ್ರೂ ಮುನಿಸ್ಕೊಂಡು ಹೋದಾಗ ಅವರ ಖಾತೆ ಡಿಲೀಟ್ ಮಾಡಿದ್ರೆ 'ಅವರು ಬರೆದಿದ್ದೆಲ್ಲ ಅಳಿಸಲಾ, ಬೇರೆಯವರ ಹೆಸರಿಗೆ ಹಾಕಲಾ' ಅಂತ ಕೇಳ್ತದೆ. ಸಿಟ್ಟಲ್ಲಿ ಮೊದಲನೇದು ಒತ್ತಿದವರನ್ನ ಬಲ್ಲೆ. ಖಾತೆ ಅಳಿಸೋದೇ ಬೇಡ, ಸಬ್‌ಸ್ಕ್ರೈಬರ್ ಮಾಡಿಬಿಡಿ.

ಇನ್ನು ಇಮೇಲ್. ಪಾಸ್‌ವರ್ಡ್ ಮರೆತವರಿಗೆ ಹೋಗೋ ಮೇಲ್ ಶೇರ್ಡ್ ಸರ್ವರ್‌ನಿಂದ ಹೋದ್ರೆ ಬಹುಪಾಲು ಸ್ಪ್ಯಾಮ್‌ಗೇ ಬೀಳ್ತದೆ. ಪ್ರತ್ಯೇಕ ಎಸ್‌ಎಂಟಿಪಿ ಸೇವೆ ಜೋಡಿಸಿ, ಎಸ್‌ಪಿಎಫ್, ಡಿಕೆಐಎಂ ದಾಖಲೆ ಹಾಕಿಸಿ. ಹೊರಗಿನವರು ಯಾರು ಬೇಕಾದ್ರೂ ಖಾತೆ ತೆರೆದು ಬರೆಯೋ ಸೈಟ್ ಆದ್ರೆ 2021ರ ಐಟಿ ನಿಯಮಗಳ ಪ್ರಕಾರ ದೂರು ಕೇಳೋ ಅಧಿಕಾರಿಯ ಹೆಸರು, ಸಂಪರ್ಕ ಸೈಟ್ ಮೇಲೆ ಹಾಕಬೇಕು. ಇದನ್ನ ಒಬ್ಬ ವಕೀಲರ ಹತ್ತಿರ ಕೇಳಿಯೇ ಮುಂದುವರಿಯಿರಿ.

ಈಗಿನ ನಮ್ಮ ಬಳಗದ ಸೈಟ್ ಎರಡು ಜಿಬಿ ವಿಪಿಎಸ್ ಮೇಲಿದೆ, ಖರ್ಚು ಏಳು ಮಂದಿ ಹಂಚ್ಕೋತೀವಿ. ರಿನ್ಯೂವಲ್ ತಾರೀಖು ಮೂವರ ಮೊಬೈಲಲ್ಲಿ ಅಲಾರಾಂ ಇದೆ, ಗೋಡೆ ಕ್ಯಾಲೆಂಡರ್‌ನಲ್ಲೂ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದೀವಿ. ಸಿಕ್ಕ ಆ 19 ಲೇಖನ ಅದರಲ್ಲಿ ಹಾಕಿದ್ದೀನಿ, ಮಾಸ್ತರ್ರ ಹೆಸರಲ್ಲೇ ಒಂದು ಖಾತೆ ತೆರೆದಿಟ್ಟಿದ್ದೀನಿ.