ಒಂದೇ ರೂಟರ್, ಹಲವು ಅಂತರಜಾಲ ದೂರವಾಣಿಗಳು: ದೋಷಗಳು ಮತ್ತು ಪರಿಹಾರ

ಭಾರತದಲ್ಲಿ ಅಂತರಜಾಲ ದೂರವಾಣಿಗೆ 2002ರ ಏಪ್ರಿಲ್ 1ರಿಂದ ಸೀಮಿತ ಅನುಮತಿ ದೊರೆಯಿತು. 2018ರಲ್ಲಿ ಬಿ.ಎಸ್.ಎನ್.ಎಲ್. ಸಂಸ್ಥೆಯು ‘ವಿಂಗ್ಸ್’ ಎಂಬ ಸೇವೆಯನ್ನು ಪ್ರಕಟಿಸಿತು. ಹೈದರಾಬಾದಿನ ನಮ್ಮ ಮನೆಗಳಲ್ಲಿ ಹಿರಿಯರ ಕೋಣೆಗೊಂದು, ಕಚೇರಿಯ ಕೆಲಸಕ್ಕೊಂದು ಎಂದು ಇಂತಹ ಎರಡು ಮೂರು ಫೋನುಗಳನ್ನು ಇರಿಸಿಕೊಂಡವರು ಈ ಮಾಹಿತಿಯನ್ನು ಗಮನಿಸಬಹುದು.

ಮೂಲ ಕಾರಣ

ಹೊರಜಗತ್ತಿಗೆ ಇಡೀ ಮನೆಯ ಅಂತರಜಾಲ ವಿಳಾಸ ಒಂದೇ. ಒಳಗಿನ ಪ್ರತಿಯೊಂದು ಫೋನಿಗೂ ರೂಟರ್ ಬೇರೊಂದು ಖಾಸಗಿ ವಿಳಾಸವನ್ನು, ಸಾಮಾನ್ಯವಾಗಿ 192.168ರಿಂದ ಆರಂಭವಾಗುವುದನ್ನು, ನೀಡುತ್ತದೆ. ಯಾವ ಕರೆ ಯಾವ ಫೋನಿಗೆ ಸೇರಿದ್ದೆಂಬುದನ್ನು ಅಪಾರ್ಟ್‌ಮೆಂಟಿನ ಕಾವಲುಗಾರನಂತೆ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ದೋಷವು ಬಹುಮಟ್ಟಿಗೆ ಫೋನಿನಲ್ಲಿರದೆ ಈ ಪಟ್ಟಿಯಲ್ಲಿರುತ್ತದೆ.

ಲಕ್ಷಣಗಳು ಮತ್ತು ಪರಿಹಾರ

1. ಒಂದು ಫೋನ್ ಮೊಳಗುತ್ತದೆ, ಇನ್ನೊಂದು ಮೊಳಗುವುದಿಲ್ಲ: ಎರಡೂ ಫೋನುಗಳು 5060 ಎಂಬ ಒಂದೇ ಪೋರ್ಟ್ ಬಳಸುತ್ತಿರಬಹುದು. ಎರಡನೆಯದಕ್ಕೆ 5062, ಮೂರನೆಯದಕ್ಕೆ 5064 ಎಂದು ಬದಲಾಯಿಸಿರಿ.

2. ಒಂದು ಕಡೆಯ ಧ್ವನಿ ಮಾತ್ರ ಕೇಳುತ್ತದೆ: ರೂಟರಿನಲ್ಲಿ ‘ಎಸ್.ಐ.ಪಿ. ಎ.ಎಲ್.ಜಿ.’ ಎಂಬ ಆಯ್ಕೆಯಿದ್ದರೆ ಅದನ್ನು ನಿಲ್ಲಿಸಿರಿ. ಸಹಾಯಕ್ಕೆಂದೇ ರಚಿತವಾದ ಈ ಸೌಲಭ್ಯವು ಅನೇಕ ವೇಳೆ ವಿಳಾಸಗಳನ್ನು ತಪ್ಪಾಗಿ ತಿದ್ದುತ್ತದೆ. ಧ್ವನಿಯ ಪೋರ್ಟ್‌ಗಳನ್ನೂ ಪ್ರತಿ ಫೋನಿಗೆ ಪ್ರತ್ಯೇಕಿಸಿರಿ.

3. ಹೊರಹೋಗುವ ಕರೆ ಸರಿ, ಒಳಬರುವ ಕರೆ ಇಲ್ಲ: ಎಲ್ಲಕ್ಕಿಂತ ಅಪಾಯಕರವಾದ ದೋಷವಿದು. ದೂರದೇಶದ ಮಗಳು ತಾಯಿಗೆ ಕರೆ ಮಾಡಿ, ಉತ್ತರವಿಲ್ಲದೆ ಗಾಬರಿಗೊಳ್ಳುತ್ತಾಳೆ. ಇಲ್ಲಿ ತಾಯಿಗೆ ಫೋನ್ ಸರಿಯಾಗಿಯೇ ಇದೆಯೆಂಬ ನಂಬಿಕೆ. ಫೋನ್ ಸುಮ್ಮನಿದ್ದರೆ ಕೆಲವು ರೂಟರ್‌ಗಳು ಅರ್ಧ ನಿಮಿಷದಲ್ಲೇ ಅದರ ನಮೂದನ್ನು ಪಟ್ಟಿಯಿಂದ ಅಳಿಸಿಬಿಡುತ್ತವೆ. ಫೋನಿನ ‘ಕೀಪ್ ಅಲೈವ್’ ಅವಧಿಯನ್ನು 20 ಸೆಕೆಂಡುಗಳಿಗೆ ಇರಿಸಿರಿ. ಬಳಿಕ ಹತ್ತು ನಿಮಿಷ ಫೋನನ್ನು ಮುಟ್ಟದೆ ಬಿಟ್ಟು, ಮೊಬೈಲಿನಿಂದ ಅದಕ್ಕೆ ಕರೆ ಮಾಡಿ ಪರೀಕ್ಷಿಸಿರಿ.

4. ಧ್ವನಿ ತುಂಡುತುಂಡಾಗುತ್ತದೆ: ಜಿ.711 ಪದ್ಧತಿಯ ಒಂದು ಕರೆಗೆ ಪ್ರತಿ ದಿಕ್ಕಿನಲ್ಲೂ ಸುಮಾರು 90 ಕಿಲೋಬಿಟ್ ವೇಗ ಬೇಕು. ರೂಟರಿನಲ್ಲಿ ಧ್ವನಿಗೆ ಆದ್ಯತೆ ನೀಡಿರಿ. ಸಾಧ್ಯವಾದರೆ ವೈ-ಫೈ ಬದಲು ತಂತಿಯಿಂದ ಜೋಡಿಸಿರಿ.

ಎಚ್ಚರಿಕೆ

ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಹಳೆಯ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿರಿ. ಬೇಸತ್ತು ರೂಟರಿನ ಎಲ್ಲ ಪೋರ್ಟ್‌ಗಳನ್ನೂ ತೆರೆದಿಡಬಾರದು. 5060ನ್ನು ಹುಡುಕಿ ಬಂದು ಅನ್ಯರ ಖರ್ಚಿನಲ್ಲಿ ಕರೆ ಮಾಡುವ ವಂಚಕರಿದ್ದಾರೆ. ರೂಟರಿನ ಹೊರವಿಳಾಸವು 100.64ರಿಂದ 100.127ರವರೆಗಿನ ಸರಣಿಯಲ್ಲಿದ್ದರೆ ಸೇವಾದಾರರ ಬಳಿಯೂ ಇಂತಹುದೇ ಮತ್ತೊಂದು ಪಟ್ಟಿ ಇದೆಯೆಂದು ತಿಳಿಯಬೇಕು. ಆಗ ಅವರ ನೆರವು ಅಗತ್ಯವಾಗಬಹುದು.

ವಿದ್ಯುತ್ ಹೋದರೆ ರೂಟರಿನೊಡನೆ ಈ ಫೋನುಗಳೂ ಮೌನವಾಗುತ್ತವೆ. ಆದುದರಿಂದ ರೂಟರಿಗೆ ಯು.ಪಿ.ಎಸ್. ಅಳವಡಿಸುವುದು ಒಳಿತು. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಲು ಹಿರಿಯರ ಹಾಸಿಗೆಯ ಬಳಿ ಒಂದು ಸಾಧಾರಣ ಮೊಬೈಲ್ ಅವಶ್ಯವಾಗಿ ಇರಲಿ.