ಟೀವಿಯಲ್ಲಿ ತೀರಿದ ಉದ್ರಿ

ಈ ಮಳೆಗಾಲದಲ್ಲಿ ಪುಣೆಯಲ್ಲಿ ಮನೆಯಿಂದ ಹೊರಗೆ ಕಾಲಿಡಲಾಗದ ಒಂದು ವಾರ ಸಿಕ್ಕಿತು. ಕಪಾಟಿನಲ್ಲಿದ್ದ 'ಲಿಟ್ಲ್ ಹೌಸ್ ಆನ್ ದ ಪ್ರೈರಿ' ಡಿವಿಡಿಗಳನ್ನು ಹೊರತೆಗೆದು ಮೊದಲಿನಿಂದ ನೋಡುತ್ತಾ ಕೂತೆ. ಹಿಂದೊಮ್ಮೆ ಮಕ್ಕಳ ಜೊತೆ ನೋಡಿದ್ದೇ. ಈ ಸಲದ ವ್ಯತ್ಯಾಸವೆಂದರೆ ಪಕ್ಕದಲ್ಲಿ ಎರಡು ಪುಸ್ತಕಗಳಿದ್ದವು. ಒಂದು, 2014ರಲ್ಲಿ ಅಚ್ಚಾದ ಲಾರಾ ಇಂಗಲ್ಸ್ ವೈಲ್ಡರ್ ಅವರ ಆತ್ಮಕಥೆ 'ಪಯನೀರ್ ಗರ್ಲ್'. ಇನ್ನೊಂದು, ಕ್ಯಾರೊಲಿನ್ ಫ್ರೇಸರ್ ಬರೆದ 'ಪ್ರೈರಿ ಫೈರ್ಸ್', 2018ರಲ್ಲಿ ಪುಲಿಟ್ಜರ್ ಪಡೆದದ್ದು. ಒಂದು ಕಂತು ನೋಡುವುದು, ಆ ವರ್ಷ ನಿಜವಾಗಿ ಏನಾಯಿತು ಎಂದು ಪುಟ ತಿರುವುವುದು. ಸೀರಿಯಲ್ ನೋಡುವ ಕ್ರಮ ಇದಲ್ಲ ಬಿಡಿ, ಮನೆಯವರೆಲ್ಲ ಬೈದರು.

ನೋಡದವರಿಗಾಗಿ ಎರಡು ಮಾತು. ಅಮೆರಿಕದ ಎನ್‌ಬಿಸಿ ಚಾನೆಲ್ಲಿನಲ್ಲಿ 1974ರಿಂದ 1983ರವರೆಗೆ ನಡೆದ ಧಾರಾವಾಹಿ ಇದು. ಕಾಲ 1870ರ ದಶಕ, ಊರು ಮಿನೆಸೋಟಾ ರಾಜ್ಯದ ವಾಲ್ನಟ್ ಗ್ರೋವ್. ಅಪ್ಪ ಚಾರ್ಲ್ಸ್ ಇಂಗಲ್ಸ್, ಅಮ್ಮ ಕ್ಯಾರೊಲಿನ್, ಮಕ್ಕಳು ಮೇರಿ, ಲಾರಾ, ಕ್ಯಾರಿ. ಹೊಳೆಯ ದಂಡೆಯಲ್ಲೊಂದು ಪುಟ್ಟ ಮನೆ, ಊರಲ್ಲಿ ಓಲ್ಸನ್ ದಂಪತಿಯ ಅಂಗಡಿ, ಮರ ಕೊಯ್ಯುವ ಮಿಲ್ಲು, ಇಗರ್ಜಿಯೂ ಶಾಲೆಯೂ ಆಗಿರುವ ಒಂದೇ ಕಟ್ಟಡ. ಚಾರ್ಲ್ಸ್ ಪಾತ್ರ ಮಾಡಿದ ಮೈಕೆಲ್ ಲ್ಯಾಂಡನ್ನೇ ಬಹಳಷ್ಟು ಕಂತುಗಳನ್ನು ಬರೆದು ನಿರ್ದೇಶಿಸಿದವನು. ಆಧಾರ ಲಾರಾ ಅವರೇ ತಮ್ಮ ಬಾಲ್ಯದ ಬಗ್ಗೆ ಬರೆದ ಮಕ್ಕಳ ಕಾದಂಬರಿಗಳು. ಮೊದಲನೆಯದು 1932ರಲ್ಲಿ ಬಂದಾಗ ಆಕೆಗೆ 65 ವರ್ಷ.

ಮೊದಲ ಕಂತು 'ಹಾರ್ವೆಸ್ಟ್ ಆಫ್ ಫ್ರೆಂಡ್ಸ್'. ಹೊಸ ಊರಿಗೆ ಬಂದ ಚಾರ್ಲ್ಸ್ ನೇಗಿಲು, ಬೀಜಕ್ಕಾಗಿ ತನ್ನ ಜೋಡೆತ್ತನ್ನು ವ್ಯಾಪಾರಿಗೆ ಒತ್ತೆ ಇಡುತ್ತಾನೆ. ಸಾಲ ತೀರಿಸಲು ಹಗಲೂ ಇರುಳೂ ದುಡಿಯುತ್ತಿರುವಾಗ ಮರದಿಂದ ಬಿದ್ದು ಪಕ್ಕೆಲುಬು ಮುರಿದುಕೊಳ್ಳುತ್ತಾನೆ. ವ್ಯಾಪಾರಿ ಎತ್ತು ಹೊಡೆದುಕೊಂಡು ಹೋಗುತ್ತಾನೆ. ಎಲುಬು ಮುರಿದವನು ಬಂದು ಚೀಲ ಹೊರಲು ನಿಂತಾಗ ಊರಿನ ಗಂಡಸರು ಒಬ್ಬೊಬ್ಬರಾಗಿ ಬಂದು ಕೈಜೋಡಿಸುತ್ತಾರೆ. ಗಂಟಲು ಕಟ್ಟುವ ದೃಶ್ಯ, ಈ ಸಲವೂ ಕಟ್ಟಿತು.

ಎರಡನೇ ಸೀಸನ್ನಿನ ಮೊದಲ ಕಂತು, 1975ರದ್ದು: 'ದ ರಿಚೆಸ್ಟ್ ಮ್ಯಾನ್ ಇನ್ ವಾಲ್ನಟ್ ಗ್ರೋವ್'. ಮಿಲ್ಲಿನಲ್ಲಿ ದುಡಿದ ಹಣ ಬರುವುದಿಲ್ಲ, ಓಲ್ಸನ್ ಅಂಗಡಿಯಲ್ಲಿ ಉದ್ರಿ ಬೆಳೆದಿದೆ. ಶ್ರೀಮತಿ ಓಲ್ಸನ್ ಬಾಯಿ ಗೊತ್ತಿರುವಂಥದ್ದೇ. ಉದ್ರಿ ತೀರುವವರೆಗೆ ಮನೆಮಂದಿಯೆಲ್ಲ ದುಡಿಯುತ್ತಾರೆ. ಮೇರಿ ಶಾಲೆ ಬಿಟ್ಟು ಹೊಲಿಗೆಗೆ ಹೋಗುತ್ತಾಳೆ. ಕೊನೆಗೆ ಪೂರ್ತಿ ಬಾಕಿ ಎಣಿಸಿ ಕೊಟ್ಟು ಅಂಗಡಿಯಿಂದ ತಲೆಯೆತ್ತಿ ಹೊರಬರುತ್ತಾರೆ. ಇಡೀ ಧಾರಾವಾಹಿಯ ತಿರುಳು ಈ ಎರಡು ಕಂತುಗಳಲ್ಲಿದೆ ಎನ್ನುವುದು ನನ್ನ ಅನಿಸಿಕೆ: ಮೈ ಬಗ್ಗಿಸಿ ದುಡಿದರೆ, ನೆರೆಯವರು ಒಳ್ಳೆಯವರಾದರೆ, ತೀರದ ಸಾಲವಿಲ್ಲ.

ನಿಜವಾದ ಚಾರ್ಲ್ಸ್ ಇಂಗಲ್ಸನ ಸಾಲ ತೀರಲಿಲ್ಲ. ಅದಕ್ಕೆ ಕಾರಣ ಮಿಡತೆ.

ಇಂಗಲ್ಸ್ ಕುಟುಂಬ ವಾಲ್ನಟ್ ಗ್ರೋವ್ ಬಳಿಯ ಪ್ಲಮ್ ಕ್ರೀಕಿಗೆ ಬಂದದ್ದು 1874ರಲ್ಲಿ. ಆಗ ಅಲ್ಲಿ ಜಮೀನು ಸುಲಭವಾಗಿ ಸಿಗುತ್ತಿತ್ತು. ಯಾಕೆ ಸಿಗುತ್ತಿತ್ತು ಎಂದು ಕೇಳಬೇಕಿತ್ತು. ರಾಕಿ ಪರ್ವತದ ಮಿಡತೆ ಎಂದು ಕರೆಯುವ ಕೀಟದ ಹಿಂಡುಗಳು 1873ರಿಂದಲೇ ಆ ಸೀಮೆಗೆ ಎರಗುತ್ತಿದ್ದವು. ಚಾರ್ಲ್ಸ್ ಗೋಧಿ ಬಿತ್ತಿ, ಬರುವ ಪೀಕಿನ ಭರವಸೆಯ ಮೇಲೆ ಹಲಗೆಗಳನ್ನು ಉದ್ರಿ ತಂದು ಮನೆ ಕಟ್ಟಿದ. 1875ರ ಬೇಸಿಗೆಯಲ್ಲಿ ಹಿಂಡು ಇಳಿಯಿತು. ಆ ವರ್ಷ ನೆಬ್ರಾಸ್ಕಾದ ಆಲ್ಬರ್ಟ್ ಚೈಲ್ಡ್ ಎಂಬಾತ ತನ್ನ ಊರಿನ ಮೇಲೆ ದಿನಗಟ್ಟಲೆ ಹಾರಿಹೋದ ಒಂದು ಹಿಂಡನ್ನು ಅಳೆಯಲು ಹೊರಟ. ಬೇರೆ ಊರುಗಳಿಂದ ತಂತಿಯಲ್ಲಿ ಸುದ್ದಿ ತರಿಸಿ ಲೆಕ್ಕ ಹಾಕಿದಾಗ ಬಂದ ವಿಸ್ತಾರ 1,98,000 ಚದರ ಮೈಲಿ. ನಮ್ಮ ಕರ್ನಾಟಕದಂಥ ಎರಡೂವರೆ ರಾಜ್ಯಗಳನ್ನು ಮುಚ್ಚಿ ಇನ್ನೂ ಉಳಿಯುವಷ್ಟು. ಪೈರು ಮುಗಿದ ಮೇಲೆ ಬೆವರಿನ ಉಪ್ಪು ಹತ್ತಿದ ಸಲಿಕೆಯ ಹಿಡಿಕೆಯನ್ನೂ ಅವು ಕಡಿಯುತ್ತಿದ್ದವು. ಹಳಿಯ ಮೇಲೆ ಅರೆದುಹೋದ ಮಿಡತೆಗಳಿಂದ ಜಿಡ್ಡಾಗಿ ರೈಲಿನ ಗಾಲಿ ಜಾರುತ್ತಿದ್ದವು. ಹೋಗುವ ಮೊದಲು ನೆಲದಲ್ಲಿ ಮೊಟ್ಟೆಯಿಟ್ಟು ಹೋಗುವುದರಿಂದ ಮರುವರ್ಷದ ಪೀಕೂ ಹೋದಂತೆಯೇ.

ಚಾರ್ಲ್ಸ್ ಬೆಳೆ ಉಳಿದಿದ್ದ ಪೂರ್ವದ ಕಡೆಗೆ, ಕೂಲಿ ಹುಡುಕುತ್ತಾ ನೂರಾರು ಮೈಲಿ ನಡೆದುಹೋದ. ನಮ್ಮ ಕಡೆ ಇದಕ್ಕೆ ಗುಳೆ ಹೋಗುವುದು ಅನ್ನುತ್ತೇವೆ, ಬೇರೆ ಹೆಸರು ಬೇಕಿಲ್ಲ. ಟೀವಿಯಲ್ಲೂ ಈ ನಡಿಗೆ ಇದೆ, 'ಹಂಡ್ರೆಡ್ ಮೈಲ್ ವಾಕ್' ಎಂಬ ಕಂತಿನಲ್ಲಿ. ಆದರೆ ಅಲ್ಲಿ ಗೋಧಿ ಹಾಳಾಗುವುದು ಆಲಿಕಲ್ಲು ಮಳೆಯಿಂದ. ಮಿಡತೆಯನ್ನು ತೋರಿಸುವುದು ಖರ್ಚಿನ ಬಾಬತ್ತು ಎಂದು ಬಿಟ್ಟಿರಬಹುದು. ಆದರೂ ಕಥೆಯೇ ಬೇರೆಯಾಯಿತು. ಆಲಿಕಲ್ಲು ಒಂದು ದಿನ ಬೀಳುತ್ತದೆ, ಮರುವರ್ಷ ಬಿತ್ತಬಹುದು. ಮಿಡತೆ 1877ರವರೆಗೂ ಬಿಡಲಿಲ್ಲ.

ಇನ್ನೊಂದು ಸಂಗತಿ ಟೀವಿಯಲ್ಲಿಲ್ಲ, ಲಾರಾ ಅವರ ಕಾದಂಬರಿಯಲ್ಲೂ ಇಲ್ಲ. 1875ರ ಚಳಿಗಾಲದ ಹೊತ್ತಿಗೆ ಮಿನೆಸೋಟಾದಲ್ಲಿ ಮಿಡತೆಯಿಂದ ಕೆಟ್ಟ ರೈತರಿಗೆ ಸರಕಾರ ಒಂದಿಷ್ಟು ಹಿಟ್ಟು ಹಂಚಿತು. ಪಡೆಯಬೇಕಾದರೆ, ನನ್ನ ಬಳಿ ಏನೂ ಉಳಿದಿಲ್ಲ ಎಂದು ಅಧಿಕಾರಿಗಳ ಮುಂದೆ ಪ್ರಮಾಣ ಮಾಡಿ ಸಹಿ ಹಾಕಬೇಕು. ಚಾರ್ಲ್ಸ್ ಇಂಗಲ್ಸ್ ಸಹಿ ಹಾಕಿ ಎರಡು ಅರ್ಧ ಪೀಪಾಯಿ ಹಿಟ್ಟು ತಂದ. ಬೆಲೆ ಐದು ಡಾಲರಿನಷ್ಟು. ಫ್ರೇಸರ್ ಪುಸ್ತಕದಲ್ಲಿ ಈ ಸಾಲು ಓದಿದ ಮೇಲೆ 'ರಿಚೆಸ್ಟ್ ಮ್ಯಾನ್' ಕಂತನ್ನು ಇನ್ನೊಮ್ಮೆ ಹಾಕಿದೆ, ಅರ್ಧಕ್ಕೆ ನಿಲ್ಲಿಸಿದೆ. ಮುಂದಿನ ಗವರ್ನರ್ ಜಾನ್ ಪಿಲ್ಸ್‌ಬರಿ ಹಿಟ್ಟಿನ ಗಿರಣಿಯ ವ್ಯವಹಾರದಲ್ಲೇ ದುಡ್ಡು ಮಾಡಿದವರು. ಧರ್ಮಾರ್ಥ ಕೊಟ್ಟರೆ ರೈತ ಸೋಮಾರಿಯಾಗುತ್ತಾನೆ ಎಂಬ ಅಭಿಪ್ರಾಯ ಅವರದು. 1877ರ ಏಪ್ರಿಲ್ 26ನ್ನು ರಾಜ್ಯದ ಪ್ರಾರ್ಥನಾ ದಿನವೆಂದು ಘೋಷಿಸಿದರು.

ಅಷ್ಟರೊಳಗೆ ಇಂಗಲ್ಸ್ ಕುಟುಂಬ ಜಮೀನು ಮಾರಿ ಹೊರಟುಹೋಗಿತ್ತು. 1876ರ ಆಗಸ್ಟಿನಲ್ಲಿ, ದಾರಿಯಲ್ಲಿ ನೆಂಟರ ಊರಿನಲ್ಲಿದ್ದಾಗ, ಒಂಬತ್ತು ತಿಂಗಳ ಗಂಡುಮಗು ಫ್ರೆಡ್ಡಿ ತೀರಿಕೊಂಡಿತು. ಈ ಮಗುವೂ ಕಾದಂಬರಿಗಳಲ್ಲಿಲ್ಲ. ಲ್ಯಾಂಡನ್ ಅದನ್ನು ಬಿಡಲಿಲ್ಲ. 'ದ ಲಾರ್ಡ್ ಈಸ್ ಮೈ ಶೆಪರ್ಡ್' ಎಂಬ ಎರಡು ಗಂಟೆಯ ಕಂತು ಇರುವುದೇ ಆ ಮಗುವಿನ ಸಾವಿನ ಮೇಲೆ. ದೇವರಿಗೆ ಹತ್ತಿರವಾಗಲು ಲಾರಾ ಅದರಲ್ಲಿ ಬೆಟ್ಟ ಹತ್ತುತ್ತಾಳೆ. ವಾಲ್ನಟ್ ಗ್ರೋವ್ ಸುತ್ತ ಅಂಥ ಬೆಟ್ಟ ಎಲ್ಲಿಂದ ಬರಬೇಕು, ಚಪ್ಪಟೆ ಬಯಲು ಅದು. ಶೂಟಿಂಗ್ ಕ್ಯಾಲಿಫೋರ್ನಿಯಾದ ಸಿಮಿ ವ್ಯಾಲಿಯ ಕಡೆ ನಡೆದದ್ದು. ಬೆಟ್ಟದ ವಿಷಯ ಬಿಟ್ಟರೆ ಆ ಕಂತಿಗೆ ನನ್ನ ತಕರಾರಿಲ್ಲ.

ಅಯೋವಾದ ಬರ್ ಓಕ್ ಎಂಬ ಊರಿನಲ್ಲಿ ಅವರು ಹೋಟೆಲೊಂದರಲ್ಲಿ ಕೆಲಸಕ್ಕೆ ನಿಂತರು. ಅಪ್ಪ, ಅಮ್ಮ ಅಲ್ಲಿ ದುಡಿದರು, ಹುಡುಗಿಯರೂ ಕೆಲಸಕ್ಕೆ ನೆರವಾದರು. ಅಲ್ಲಿನ ಡಾಕ್ಟರ ಹೆಂಡತಿಯೊಬ್ಬಳು, ಲಾರಾಳನ್ನು ನನಗೇ ಕೊಟ್ಟುಬಿಡಿ, ಸಾಕಿಕೊಳ್ಳುತ್ತೇನೆ ಎಂದು ಕೇಳಿದ್ದಳು. ಕ್ಯಾರೊಲಿನ್ ಒಪ್ಪಲಿಲ್ಲ. ಟೀವಿಯಲ್ಲಿ ನೋಡಿ, 1978ರಲ್ಲಿ ಇದೇ ಕುಟುಂಬ ವಿನೋಕಾ ಎಂಬ ಪೇಟೆಗೆ ಹೋಗಿ ಹೋಟೆಲಿನಲ್ಲಿ ದುಡಿಯುವ ಕಂತುಗಳಿವೆ. ಅಲ್ಲಿ ಬೀದಿಯಲ್ಲಿ ಸಿಕ್ಕ ಅನಾಥ ಹುಡುಗ ಆಲ್ಬರ್ಟನನ್ನು ಇವರೇ ಮನೆಗೆ ಕರೆತಂದು ಸಾಕುತ್ತಾರೆ! ಅಂಥ ಹುಡುಗ ನಿಜಜೀವನದಲ್ಲಿ ಇರಲಿಲ್ಲ. ಮಗಳನ್ನು ಸಾಕಲು ಕೊಡಿ ಎಂದು ಇನ್ನೊಬ್ಬರು ಕೇಳುವ ಸ್ಥಿತಿಯಲ್ಲಿದ್ದವರನ್ನು ಟೀವಿ ಊರ ಮಕ್ಕಳನ್ನೆಲ್ಲ ಸಾಕುವವರನ್ನಾಗಿ ಮಾಡಿತು.

1877ರಲ್ಲಿ ಚಾರ್ಲ್ಸ್ ವಾಲ್ನಟ್ ಗ್ರೋವ್‌ಗೆ ಮರಳಲು ತೀರ್ಮಾನಿಸಿದ. ಮನೆ ಬಾಡಿಗೆ ಬಾಕಿ ಇತ್ತು. ಆಮೇಲೆ ಕಳಿಸುತ್ತೇನೆಂದರೆ ಮನೆ ಮಾಲೀಕ ಒಪ್ಪಲಿಲ್ಲ, ಬಾಕಿಗೆ ಕುದುರೆಗಳನ್ನೇ ಹಿಡಿದುಕೊಳ್ಳುತ್ತೇನೆಂದು ಹೆದರಿಸಿದ. ಕುದುರೆ ಹೋದರೆ ದಾರಿಯೇ ಇಲ್ಲ. ಕತ್ತಲಾದ ಮೇಲೆ ಗಾಡಿ ಹೂಡಿ, ಮಲಗಿದ್ದ ಮಕ್ಕಳನ್ನು ಎಬ್ಬಿಸಿ ಹತ್ತಿಸಿಕೊಂಡು, ರಾತ್ರೋರಾತ್ರಿ ಊರು ಬಿಟ್ಟರು. ಲಾರಾ ಇದನ್ನು ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿಟ್ಟರು. 1930ರ ಸುಮಾರಿಗೆ ಬರೆದ ಆ ಹಸ್ತಪ್ರತಿಯನ್ನು ಪ್ರಕಾಶಕರು ಬೇಡವೆಂದರು. ಅದನ್ನೇ ಮಕ್ಕಳ ಕಾದಂಬರಿಗಳಾಗಿ ತಿದ್ದುವಾಗ ಬರ್ ಓಕಿನ ಕಾಲವನ್ನು ಪೂರ್ತಿ ಕತ್ತರಿಸಿಬಿಟ್ಟರು. ಹಾಗಾಗಿ ಲ್ಯಾಂಡನ್ ಒಬ್ಬನನ್ನೇ ದೂರುವಂತಿಲ್ಲ, ಒಗೆದು ಇಸ್ತ್ರಿ ಮಾಡಿದ ಕಥೆಯೇ ಅವನ ಕೈಗೆ ಬಂದಿತ್ತು. ಮಗಳು ಅಪ್ಪನ ಮಾನ ಕಾಯ್ದಳು ಎಂದು ನಾನು ಓದಿಕೊಳ್ಳುತ್ತೇನೆ. ಪರವೂರಿಗೆ ಬಂದು ನೆಲೆನಿಂತ ನಾವೂ ಅಷ್ಟೇ ಅಲ್ಲವೇ? ಊರಿಗೆ ಹೋದಾಗ ಹೇಳುವ ಕಥೆಯಲ್ಲಿ ಮೊದಲ ವರ್ಷಗಳ ಬಾಡಿಗೆ ಬಾಕಿ ಬರುವುದೇ ಇಲ್ಲ.

ಇಷ್ಟರ ಮೇಲೂ ಚಾರ್ಲ್ಸ್‌ಗೆ ಹೋಗಲು ಒಂದು ಜಾಗ ಇರುತ್ತಿತ್ತು ಎನ್ನುವುದನ್ನು ಮರೆಯಬಾರದು. ಆ ಜಾಗ ಖಾಲಿಯಾಗಿದ್ದು ಹೇಗೆ?

ಧಾರಾವಾಹಿಯಲ್ಲಿ ಪದೇ ಪದೇ ಕೇಳುವ ಊರು ಮ್ಯಾನ್ಕೇಟೋ. ಚಾರ್ಲ್ಸ್ ಮತ್ತು ಗೆಳೆಯ ಎಡ್ವರ್ಡ್ಸ್ ಸರಕು ಹೇರಿಕೊಂಡು ಹೋಗುವುದು ಅಲ್ಲಿಗೇ, ನಮ್ಮ ಕಡೆ ಹುಬ್ಬಳ್ಳಿಗೆ ಹೋಗಿ ಬಂದ ಹಾಗೆ. ವಾಲ್ನಟ್ ಗ್ರೋವ್‌ನಿಂದ ಸುಮಾರು 80 ಮೈಲಿ. ಅದೇ ಮ್ಯಾನ್ಕೇಟೋದಲ್ಲಿ 1862ರ ಡಿಸೆಂಬರ್ 26ರಂದು 38 ಡಕೋಟಾ ಗಂಡಸರನ್ನು ಒಂದೇ ಕಟ್ಟೆಯ ಮೇಲೆ, ಒಂದೇ ಹೊತ್ತಿಗೆ ಗಲ್ಲಿಗೇರಿಸಿದರು. ಅಮೆರಿಕದಲ್ಲಿ ಒಂದೇ ದಿನ ಅಷ್ಟು ಜನರನ್ನು ಗಲ್ಲಿಗೇರಿಸಿದ್ದು ಇನ್ನೊಂದಿಲ್ಲ. ಸೇನಾ ವಿಚಾರಣೆ 303 ಮಂದಿಗೆ ಮರಣದಂಡನೆ ವಿಧಿಸಿತ್ತು, ಅಧ್ಯಕ್ಷ ಲಿಂಕನ್ ಪಟ್ಟಿಯನ್ನು ಇಳಿಸಿದ್ದರು. ಇಂಗಲ್ಸ್ ಕುಟುಂಬದ ಗಾಡಿ ಪ್ಲಮ್ ಕ್ರೀಕಿಗೆ ಬರುವುದಕ್ಕೆ ಇನ್ನು ಹನ್ನೆರಡೇ ವರ್ಷ.

ಆ ಯುದ್ಧ ಹೊತ್ತಿಕೊಂಡ ಕಾರಣಗಳಲ್ಲಿ ಮುಂದೆ ನಿಲ್ಲುವುದು ಮತ್ತೆ ಉದ್ರಿಯೇ. ಡಕೋಟಾ ಜನ ಒಪ್ಪಂದಗಳಲ್ಲಿ ನೆಲ ಬಿಟ್ಟುಕೊಟ್ಟು ವರ್ಷಕ್ಕಿಷ್ಟು ಹಣ ಪಡೆಯಬೇಕಿತ್ತು. ಅದರಲ್ಲಿ ಒಂದು ಪಾಲನ್ನು ವ್ಯಾಪಾರಿಗಳು ಹಳೆಯ ಬಾಕಿಯೆಂದು ಮೊದಲೇ ಹಿಡಿದುಕೊಳ್ಳುತ್ತಿದ್ದರು. 1862ರಲ್ಲಿ ಹಣ ಬರುವುದು ತಡವಾಯಿತು, ಹಿಂದಿನ ವರ್ಷದ ಬೆಳೆ ಕೆಟ್ಟಿತ್ತು, ಜನ ಹಸಿದಿದ್ದರು. ವ್ಯಾಪಾರಿಗಳು ದಾಸ್ತಾನು ಇಟ್ಟುಕೊಂಡೂ ಉದ್ರಿ ಕೊಡಲಿಲ್ಲ. ಹಸಿವಾದರೆ ಹುಲ್ಲು ತಿನ್ನಲಿ ಎಂದು ಆಂಡ್ರ್ಯೂ ಮೈರಿಕ್ ಎಂಬ ವ್ಯಾಪಾರಿ ಅಂದನೆಂದು ಹೇಳುತ್ತಾರೆ. ಬಂಡೆದ್ದ ಡಕೋಟಾಗಳು ನೂರಾರು ವಲಸಿಗರನ್ನು ಕೊಂದರು. ಮೈರಿಕ್ ಮೊದಲು ಸತ್ತವರಲ್ಲೊಬ್ಬ. ಅವನ ಅಂಗಡಿಯಿದ್ದ ಲೋವರ್ ಸೂ ಏಜೆನ್ಸಿ ಮತ್ತು ಇಂದಿನ ವಾಲ್ನಟ್ ಗ್ರೋವ್ ಎರಡೂ ಇರುವುದು ರೆಡ್‌ವುಡ್ ಎಂಬ ಒಂದೇ ಕೌಂಟಿಯಲ್ಲಿ. 1863ರಲ್ಲಿ ಡಕೋಟಾಗಳನ್ನು ರಾಜ್ಯದಿಂದಲೇ ಹೊರಹಾಕಿದರು. ಪ್ರಮಾಣ ಮಾಡಿದರೆ ಎರಡು ಅರ್ಧ ಪೀಪಾಯಿ ಹಿಟ್ಟು ಕೊಡುವ ಏರ್ಪಾಡು ಅವರಿಗಿರಲಿಲ್ಲ.

ಕಾನ್ಸಸ್ಸಿನ ಕಥೆ ಇದಕ್ಕಿಂತ ಹಿಂದಿನದು. ಧಾರಾವಾಹಿಗೆ ಮುನ್ನ, 1974ರ ಮಾರ್ಚಿನಲ್ಲಿ ಬಂದ ಆರಂಭದ ಚಿತ್ರ ಅದನ್ನೇ ಹೇಳುತ್ತದೆ. ಕಷ್ಟಪಟ್ಟು ಮನೆ ಕಟ್ಟಿ ನೇಗಿಲು ಹೂಡಿದವರನ್ನು ಸೈನಿಕರು ಬಂದು, ಇದು ಇಂಡಿಯನ್ನರ ನೆಲ, ಬಿಟ್ಟು ಹೋಗಿ ಎನ್ನುತ್ತಾರೆ. ನೋಡುವವರ ಕಣ್ಣೀರು ಇಂಗಲ್ಸ್ ಮನೆಯವರಿಗೆ. ದಾಖಲೆ ಬೇರೆ ಹೇಳುತ್ತದೆ. 1869ರಲ್ಲಿ ಅವರು ಹೋಗಿ ಕೂತದ್ದು ಓಸೇಜ್ ಜನರಿಗೆ ಸೇರಿದ ಮೀಸಲು ನೆಲದಲ್ಲಿ, ಯಾವ ಕಾಗದವೂ ಇಲ್ಲದೆ. ಅವರಂತೆ ಸಾವಿರಾರು ಜನ. ಕೊನೆಗೆ ಬಿಟ್ಟುಹೋಗಬೇಕಾದವರು ಓಸೇಜರೇ. 1870ರ ಕಾಯ್ದೆಯಂತೆ ಅವರ ನೆಲ ಎಕರೆಗೆ 1.25 ಡಾಲರಿನಂತೆ ವಲಸಿಗರಿಗೆ ಮಾರಾಟಕ್ಕೆ ಬಂತು, ಅವರು ಈಗಿನ ಓಕ್ಲಹೋಮಾಕ್ಕೆ ಹೋದರು. ಚಾರ್ಲ್ಸ್ ಅಲ್ಲೇ ಉಳಿದು ಕೊಳ್ಳಬಹುದಿತ್ತು. ಆದರೆ ವಿಸ್ಕಾನ್ಸಿನ್‌ನಲ್ಲಿ ಅವನ ಜಮೀನು ಕೊಂಡವನು ಕಂತು ಕಟ್ಟಲಾರದೆ ಕೈಬಿಟ್ಟದ್ದರಿಂದ 1871ರಲ್ಲಿ ಹಿಂತಿರುಗಿದ.

ಲ್ಯಾಂಡನ್‌ಗೆ ಈ ಬಗ್ಗೆ ಅರಿವೇ ಇರಲಿಲ್ಲ ಎನ್ನಲಾರೆ. 'ಸರ್ವೈವಲ್' ಕಂತಿನಲ್ಲಿ ಹಿಮಗಾಳಿಗೆ ಸಿಕ್ಕ ಕುಟುಂಬವನ್ನು ಉಳಿಸುವವನು ಮಾರ್ಷಲ್ ಬೆನ್ನಟ್ಟಿದ್ದ ಒಬ್ಬ ಸೂ ಮನುಷ್ಯ. 1975ರ ಟೀವಿಗೆ ಅದು ಸಣ್ಣ ಮಾತಲ್ಲ. ಆದರೆ ಒಂದೇ ಕಂತಿನಲ್ಲಿ ಬಂದು ಹೋಗುವ ಒಳ್ಳೆಯ ಅತಿಥಿ ಅವನು. ಈ ನೆಲದಲ್ಲಿ ಅವನ ಮನೆ ಎಲ್ಲಿತ್ತು ಎಂದು ಯಾರೂ ಕೇಳುವುದಿಲ್ಲ.

ಇನ್ನು ಕೊನೆಯ ಕಥೆ, 1984ರ ಫೆಬ್ರವರಿಯಲ್ಲಿ ಬಂದ 'ದ ಲಾಸ್ಟ್ ಫೇರ್‌ವೆಲ್'. ಶ್ರೀಮಂತನೊಬ್ಬ ಊರಿಗೆ ಬಂದು, ವಾಲ್ನಟ್ ಗ್ರೋವ್‌ನ ನೆಲವೆಲ್ಲ ಕಾನೂನಿನ ಪ್ರಕಾರ ನನ್ನದು ಎಂದು ಕಾಗದ ತೋರಿಸುತ್ತಾನೆ. ನಾವು ಕಟ್ಟಿದ್ದು ಎಂದು ಜನ ಎಷ್ಟು ಹೇಳಿದರೂ ಕಾಗದವೇ ಗೆಲ್ಲುತ್ತದೆ. ನೆಲ ನಿನ್ನದಾದರೆ ಇಟ್ಟುಕೋ, ಕಟ್ಟಡ ನಮ್ಮದು ಎಂದು ಊರಿನವರೇ ಡೈನಮೈಟ್ ಇಟ್ಟು ಒಂದೊಂದೇ ಕಟ್ಟಡವನ್ನು ಉಡಾಯಿಸುತ್ತಾರೆ. ಇಗರ್ಜಿ ಮತ್ತು ಪುಟ್ಟ ಮನೆ ಮಾತ್ರ ಉಳಿಯುತ್ತವೆ. ಇದರ ಹಿಂದಿನ ಕಾರಣ ಸರಳ. ಶೂಟಿಂಗ್ ನಡೆದ ರ‍್ಯಾಂಚನ್ನು ಮೊದಲಿದ್ದಂತೆ ಮಾಡಿ ಒಪ್ಪಿಸುವ ಕರಾರಿತ್ತು, ಸೆಟ್ ಹೇಗೂ ಕೆಡವಬೇಕಿತ್ತು. ಲ್ಯಾಂಡನ್ ಕೆಡವುವುದನ್ನೇ ಕಥೆ ಮಾಡಿದ. ಕಾಗದ ಹಿಡಿದು ಬಂದವನ ಮುಂದೆ ನೆಲ ಕಳೆದುಕೊಳ್ಳುವವರ ಕಥೆ ಕೊನೆಗೂ ವಾಲ್ನಟ್ ಗ್ರೋವ್‌ಗೆ ಬಂತು, ಆದರೆ ಕಳೆದುಕೊಂಡವರು ಇಂಗಲ್ಸ್ ಮನೆಯ ಕಡೆಯವರು.

ನಿಜವಾದ ಚಾರ್ಲ್ಸ್ 1879ರಲ್ಲಿ ಡಕೋಟಾ ಟೆರಿಟರಿಗೆ ಹೋದ. ಡಿ ಸ್ಮೆಟ್ ಊರಿನ ಹತ್ತಿರ ಸರಕಾರದಿಂದ ಸಿಕ್ಕ 160 ಎಕರೆಯನ್ನು ತನ್ನ ಹೆಸರಿಗೆ ಮಾಡಿಕೊಂಡು, 1892ರಲ್ಲಿ ಅದನ್ನೂ ಮಾರಿದ. 1902ರಲ್ಲಿ ಊರೊಳಗಿನ ಸಣ್ಣ ಮನೆಯಲ್ಲಿ ತೀರಿಕೊಂಡ. ರಾಕಿ ಪರ್ವತದ ಮಿಡತೆ ಜೀವಂತವಾಗಿ ಕೊನೆಯ ಸಲ ಕಂಡದ್ದೂ ಅದೇ ವರ್ಷ, ಕೆನಡಾದಲ್ಲಿ. ಪರ್ವತದ ಕಣಿವೆಗಳಲ್ಲಿ ಅದು ಮೊಟ್ಟೆಯಿಡುತ್ತಿದ್ದ ನೆಲವನ್ನು ವಲಸಿಗರು ಉತ್ತದ್ದೇ ಅದರ ಅಳಿವಿಗೆ ಕಾರಣ ಎಂದು ಕೀಟವಿಜ್ಞಾನಿ ಜೆಫ್ರಿ ಲಾಕ್‌ವುಡ್ ವಾದಿಸುತ್ತಾರೆ. ಡಿವಿಡಿ ಸಿಕ್ಕರೆ ಮೊದಲ ಎರಡು ಸೀಸನ್ ತಪ್ಪದೆ ನೋಡಿ. ಒಂಬತ್ತನೆಯದರಲ್ಲಿ ಚಾರ್ಲ್ಸ್ ಹೆಚ್ಚಾಗಿ ಇರುವುದೇ ಇಲ್ಲ, ಅದನ್ನು ಬಿಟ್ಟರೂ ನಡೆದೀತು.