ದಾರಿಯ ಹಕ್ಕು ಮತ್ತು ಅಂಗಳದ ಅಂಚುಕಲ್ಲು

ಕಡೂರು ತಾಲೂಕಿನ ಪಂಚನಹಳ್ಳಿಯಂತಹ ಬಯಲುಸೀಮೆಯ ಊರುಗಳಲ್ಲಿ ಅಂಗಳಕ್ಕೆ ಇಂಟರ್‌ಲಾಕ್ ಹಾಸುವವರು ಮೊದಲು ನೆಡಬೇಕಾದುದು ಅಂಚುಕಲ್ಲು. ಅದಿಲ್ಲದಿದ್ದರೆ ಹಾಸು ಬೀದಿಯತ್ತ ಜರುಗುತ್ತದೆ. ಕಲ್ಲು ಚಿಕ್ಕದಾದರೂ ನಮ್ಮದು ಎಲ್ಲಿ ಮುಗಿಯಿತು, ಎಲ್ಲರದು ಎಲ್ಲಿ ಆರಂಭವಾಯಿತು ಎಂಬುದಕ್ಕೆ ಅದೇ ಸಾಕ್ಷಿ. ಈ ಗಡಿಯನ್ನು ಇಸ್ಲಾಮಿನ ಇತಿಹಾಸ ಎಂದೂ ಕ್ಷುಲ್ಲಕವೆಂದು ಕಂಡಿಲ್ಲ.

ದಾರಿಯ ಅಗಲದ ಬಗ್ಗೆ ವಿವಾದವುಂಟಾದಾಗ ಏಳು ಮೊಳ ಬಿಡಬೇಕೆಂದು ಪ್ರವಾದಿ ಮುಹಮ್ಮದ್(ಸ)ರು ತೀರ್ಪಿತ್ತರೆಂದು ಅಬೂ ಹುರೈರಾ(ರ)ರು ವರದಿ ಮಾಡಿದ್ದಾರೆ. ಅದು ಇಂದಿನ ಅಳತೆಯಲ್ಲಿ ಸುಮಾರು 10 ಅಡಿ. ಪರರ ನೆಲವನ್ನು ಗೇಣಿನಷ್ಟು ಕಬಳಿಸುವುದರ ವಿರುದ್ಧವೂ ಹದೀಸ್‌ಗಳಲ್ಲಿ ಕಠಿಣ ಎಚ್ಚರಿಕೆಯಿದೆ. ದಾರಿಯಿಂದ ತೊಡಕನ್ನು ಸರಿಸುವುದು ಈಮಾನಿನ ಒಂದು ಶಾಖೆಯೆಂದೂ ಪ್ರವಾದಿ(ಸ)ರು ಕಲಿಸಿದರು.

ಈ ಬೋಧನೆ ನಗರ ನಿರ್ಮಾಣದಲ್ಲಿ ರೂಪು ತಳೆಯಿತು. ಹಿಜರಿ 17ರಲ್ಲಿ, ಅಂದರೆ ಕ್ರಿ.ಶ. 638ರಲ್ಲಿ, ಖಲೀಫಾ ಉಮರ್(ರ)ರ ಆಜ್ಞೆಯಂತೆ ಕೂಫಾ ನಗರವನ್ನು ಕಟ್ಟಿದಾಗ ಹೆದ್ದಾರಿಗಳಿಗೆ 40 ಮೊಳ, ನಂತರದವುಗಳಿಗೆ 30 ಮತ್ತು 20 ಮೊಳ, ಓಣಿಗಳಿಗೆ 7 ಮೊಳ ನಿಗದಿಯಾಯಿತೆಂದು ಇತಿಹಾಸಕಾರ ತಬರಿ ದಾಖಲಿಸಿದ್ದಾರೆ.

ಕ್ರಿ.ಶ. 1058ರಲ್ಲಿ ನಿಧನರಾದ ನ್ಯಾಯಶಾಸ್ತ್ರಜ್ಞ ಮಾವರ್ದಿ ಇನ್ನೂ ಮುಂದೆ ಹೋಗುತ್ತಾರೆ. ಸಾರ್ವಜನಿಕ ದಾರಿ ಎಷ್ಟೇ ವಿಶಾಲವಿರಲಿ, ಅದರೊಳಗೆ ಕಟ್ಟಿದ್ದನ್ನು ಮುಹ್ತಸಿಬ್, ಅಂದರೆ ಸಾರ್ವಜನಿಕ ಮೇಲ್ವಿಚಾರಕ, ಕೆಡವಿಸಬೇಕು. ಕಟ್ಟಿದ್ದು ಮಸೀದಿಯಾದರೂ ಸರಿಯೇ. ದಾರಿಯಿರುವುದು ನಡೆಯಲಿಕ್ಕೇ ಹೊರತು ಕಟ್ಟಲಿಕ್ಕಲ್ಲ ಎಂಬುದು ಅವರ ವಾದ. ಪುಣ್ಯಕಾರ್ಯವೂ ದಾರಿಹೋಕನ ಹಕ್ಕನ್ನು ಕಸಿಯಲಾರದು ಎಂದಾದ ಮೇಲೆ ಮನೆಯ ಅಲಂಕಾರದ ಮಾತೇನು?

ಹನಫೀ ಗ್ರಂಥವಾದ ಹಿದಾಯದಲ್ಲಿ ಈ ವಿಷಯಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ. ಬೀದಿಗೆ ಚಾಚಿದ ಜಗಲಿ ಅಥವಾ ನೀರಿನ ದೋಣಿಯನ್ನು ತೆಗೆಸಲು ಜನಸಾಮಾನ್ಯರಲ್ಲಿ ಯಾರಿಗೂ ಹಕ್ಕಿದೆ; ಅದರಿಂದ ಪ್ರಾಣಹಾನಿಯಾದರೆ ಕಟ್ಟಿದವನ ಕುಲಬಂಧುಗಳು ದಿಯತ್ ತೆರಬೇಕು. ಎಡವಿಸುವ ಕಲ್ಲು ಬರಿಯ ಕಲ್ಲಲ್ಲ, ಅದೊಂದು ಹೊಣೆ.

ನಮ್ಮ ಕನ್ನಡ ನಾಡಿಗೂ ಈ ವಿವೇಕ ಹೊಸದಲ್ಲ. ಹಳೆಯ ಶಾಸನಗಳು ದತ್ತಿಭೂಮಿಯ ಎಲ್ಲೆಗಳನ್ನು ಕಲ್ಲು, ಮರ, ಕೆರೆಗಳ ಗುರುತಿನಿಂದ ಹೇಳಿ, ಅದನ್ನು ಅಪಹರಿಸುವವನಿಗೆ ಶಾಪ ಹಾಕಿ ಮುಗಿಯುತ್ತವೆ. ಬಾಂದುಕಲ್ಲನ್ನು ಕಿತ್ತವನನ್ನು ಊರು ಇಂದಿಗೂ ನಂಬುವುದಿಲ್ಲ.

ಆದ್ದರಿಂದ ಅಂಚುಕಲ್ಲು ನೆಡುವ ಮೊದಲು ಗ್ರಾಮ ಪಂಚಾಯತಿಯ ದಾಖಲೆಯಂತೆ ಗಡಿಯನ್ನು ಅಳೆಸಿ ದಾರ ಕಟ್ಟೋಣ. ಕಲ್ಲಿನ ಹೊರಮೈ ಗಡಿಯೊಳಗೇ ನಿಲ್ಲಲಿ. ಅದರ ಬುಡದ ಕಾಂಕ್ರೀಟು ಕಣ್ಣಿಗೆ ಕಾಣದೆಂದು ಬೀದಿಯ ಮಣ್ಣಿನಡಿಗೆ ಚಾಚದಿರಲಿ. ಮಣ್ಣಿನಡಿಯ ಗೇಣೂ ಗೇಣೇ. ಕಲ್ಲಿನ ತಲೆ ಕಾಲುದಾರಿಯ ಮಟ್ಟಕ್ಕೆ ಸಮನಾಗಿದ್ದರೆ ವೃದ್ಧರೂ ಅಂಧರೂ ಎಡವರು. ಅಂಗಳದ ನೀರು ದಾರಿಗೆ ಹರಿಯದಂತೆ ವಾಟ ಕೊಡುವುದೂ ದಾರಿಯ ಹಕ್ಕೇ.

ದಾರಿಹೋಕನು ನಮ್ಮ ಮನೆಯ ಮುಂದೆ ಎಡವದೆ ನಡೆದುಹೋದರೆ ಅದನ್ನು ಗಮನಿಸುವವರು ಯಾರೂ ಇಲ್ಲ. ಅಲ್ಲಾಹನು ಗಮನಿಸುತ್ತಾನೆ.